ಬೆಂಗಳೂರಿನ ಬಡಾವಣೆಯಲ್ಲಿ ನಿವಾಸಿಗಳ ಸಂಘ: ಪದೇ ಪದೇ ಕೇಳುವ ಪ್ರಶ್ನೆಗಳು

ಬಡಾವಣೆಗೆ ಹೊಸದಾಗಿ ಬಂದವರು, ಸಂಘಕ್ಕೆ ಸೇರಬೇಕೋ ಬೇಡವೋ ಎಂದು ಯೋಚಿಸುತ್ತಿರುವವರು ಹಾಗೂ ತಮ್ಮ ಕಡೆಯೂ ಒಂದು ಸಂಘ ಕಟ್ಟಬೇಕೆಂದಿರುವವರು ನಮ್ಮ ಪದಾಧಿಕಾರಿಗಳನ್ನು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇವೆ. ಇಲ್ಲಿರುವ ಕಾನೂನಿನ ವಿವರಗಳು ಮುಖ್ಯವಾಗಿ ಬೆಂಗಳೂರು ನಗರಕ್ಕೆ ಸಂಬಂಧಿಸಿದವು.

ನಿವಾಸಿಗಳ ಸಂಘ ಮಾಡುವ ಕೆಲಸವಾದರೂ ಏನು?

ಪ್ರತಿಯೊಂದು ಬಡಾವಣೆಯಲ್ಲೂ ಯಾರೊಬ್ಬರ ಹೆಸರಿಗೂ ಖಾತೆಯಾಗದ, ಆದರೆ ಅಲ್ಲಿರುವ ಎಲ್ಲರೂ ದಿನವೂ ಬಳಸುವ ಜಾಗಗಳಿರುತ್ತವೆ. ಉದ್ಯಾನ, ಆಟದ ಮೈದಾನ, ರಸ್ತೆ, ಪಾದಚಾರಿ ಮಾರ್ಗ, ಸಾಲುಮರ, ಮಳೆನೀರಿನ ಕಾಲುವೆ, ಸಿಎ ನಿವೇಶನ (ನಾಗರಿಕ ಸೌಲಭ್ಯಕ್ಕೆಂದು ಕಾದಿಟ್ಟ ಜಾಗ) ಇವೆಲ್ಲ ಆ ಬಗೆಯವು. ಮನೆಯ ಗೋಡೆಗೆ ಧಕ್ಕೆಯಾದರೆ ಮನೆಯವರು ಅಂದೇ ಎಚ್ಚೆತ್ತುಕೊಳ್ಳುತ್ತಾರೆ. ಉದ್ಯಾನದ ಮೂಲೆಯಲ್ಲಿ ಯಾರೋ ಶೆಡ್ ಹಾಕಿದರೆ ಕೇಳುವವರೇ ಇರುವುದಿಲ್ಲ. ಆ ಕೇಳುವ ಕೆಲಸವನ್ನು ಹೊತ್ತುಕೊಳ್ಳುವುದೇ ಸಂಘ. ಪಾಲಿಕೆ ಮಾಡಬೇಕಾದ ಕೆಲಸವನ್ನು ಚಂದಾ ಎತ್ತಿ ತಾನೇ ಮಾಡಿ ಮುಗಿಸುವುದಕ್ಕಿಂತ, ನಾವು ಕಟ್ಟುವ ತೆರಿಗೆಯಿಂದ ಪಾಲಿಕೆಯೇ ಅದನ್ನು ಸರಿಯಾಗಿ ಮಾಡುವಂತೆ ಬೆನ್ನು ಹತ್ತುವುದು ಸಂಘಕ್ಕೆ ಹೆಚ್ಚು ತಕ್ಕ ದಾರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಉಳ್ಳವರ ಬಡಾವಣೆ ತನ್ನ ದುಡ್ಡಿನಲ್ಲಿ ಚೆನ್ನಾಗಿಬಿಟ್ಟರೆ ಪಕ್ಕದ ಬೀದಿಯವರ ಪಾಡನ್ನು ಕೇಳುವವರು ಇನ್ನೂ ಕಡಿಮೆಯಾಗುತ್ತಾರೆ.

ಬಾಡಿಗೆಗೆ ಇರುವವರು ಸದಸ್ಯರಾಗಬಹುದೇ?

ಆಗಬಹುದು, ಆಗಬೇಕು. ನೋಂದಾಯಿತ ಸಂಘದಲ್ಲಿ ಸದಸ್ಯತ್ವಕ್ಕೆ ಯಾರು ಅರ್ಹರು ಎಂಬುದನ್ನು ಸಂಘದ ನಿಯಮಾವಳಿ ಹೇಳುತ್ತದೆ. ಆದ್ದರಿಂದ ನಿಯಮಾವಳಿ ಬರೆಯುವಾಗಲೇ ಮನೆ ಮಾಲೀಕರ ಜೊತೆಗೆ ಬಾಡಿಗೆದಾರರನ್ನೂ, ಬಡಾವಣೆಯೊಳಗೆ ಅಂಗಡಿ ನಡೆಸುವವರನ್ನೂ ಸೇರಿಸಿಕೊಳ್ಳುವಂತೆ ಬರೆಯಿರಿ. ಪಿಜಿಯಲ್ಲಿರುವ ಹುಡುಗಿಗೂ ರಾತ್ರಿ ಬೀದಿದೀಪ ಬೇಕು. ಕೆಲವು ಕಡೆ ನಿವೇಶನದ ಮೂಲ ಮಾಲೀಕರಿಗೆ ಮಾತ್ರ ಮತದಾನದ ಹಕ್ಕು ಕೊಟ್ಟಿರುವುದನ್ನು ನೋಡಿದ್ದೇವೆ. ಅಂಥ ಸಂಘಗಳಿಗೆ ವರ್ಷ ಕಳೆದಂತೆ ಹೊಸಬರು ಬರುವುದು ನಿಂತುಹೋಗುತ್ತದೆ.

ನೋಂದಣಿ ಮಾಡಿಸಲೇಬೇಕೇ?

ನಾಲ್ಕು ಜನ ಸೇರಿ ಅರ್ಜಿ ಬರೆಯಲು ನೋಂದಣಿ ಬೇಕಿಲ್ಲ. ಆದರೆ ಬ್ಯಾಂಕಿನಲ್ಲಿ ಸಂಘದ ಹೆಸರಿನಲ್ಲಿ ಖಾತೆ ತೆರೆಯಲು, ಸಂಘದ ಹೆಸರಿನಲ್ಲೇ ನ್ಯಾಯಾಲಯಕ್ಕೆ ಹೋಗಲು, ಪಾಲಿಕೆಯ ಜೊತೆ ಉದ್ಯಾನದ ಅಥವಾ ಕೆರೆಯ ನಿರ್ವಹಣೆಗೆ ಒಡಂಬಡಿಕೆ ಮಾಡಿಕೊಳ್ಳಲು ನೋಂದಣಿ ಇದ್ದರೆ ಒಳ್ಳೆಯದು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ 7 ಜನ ಸೇರಿ ಸಂಘದ ಜ್ಞಾಪನ ಪತ್ರ ಮತ್ತು ನಿಯಮಾವಳಿಯೊಂದಿಗೆ ನೋಂದಣಾಧಿಕಾರಿಗೆ ಅರ್ಜಿ ಸಲ್ಲಿಸಬಹುದು. ನೋಂದಣಿಯಾದ ಮೇಲಿನ ಹೊಣೆ ಬಹಳ ಸಂಘಗಳಿಗೆ ಮರೆತುಹೋಗುತ್ತದೆ. ಪ್ರತಿವರ್ಷ ವಾರ್ಷಿಕ ಮಹಾಸಭೆ ಕರೆಯಬೇಕು, ಸಭೆಯಾದ 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ವರ್ಷಗಟ್ಟಲೆ ಇದನ್ನು ಮಾಡದೆ ಬಿಟ್ಟ ಸಂಘವು ದೊಡ್ಡ ವಿವಾದವೊಂದರಲ್ಲಿ ಎದ್ದು ನಿಂತಾಗ ಎದುರು ಪಕ್ಷದ ವಕೀಲರು ಮೊದಲು ಕೇಳುವುದೇ ಈ ಕಾಗದಗಳನ್ನು.

ಅಪಾರ್ಟ್‌ಮೆಂಟಿನ ಸಂಘಕ್ಕೂ ಬಡಾವಣೆಯ ಸಂಘಕ್ಕೂ ವ್ಯತ್ಯಾಸವಿದೆಯೇ?

ಇದೆ. ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲು, ಲಿಫ್ಟು, ಆವರಣ ಎಲ್ಲವೂ ಫ್ಲ್ಯಾಟ್ ಮಾಲೀಕರ ಜಂಟಿ ಖಾಸಗಿ ಆಸ್ತಿಯಾಗಿದ್ದು, ಅವರ ಸಂಘಕ್ಕೆ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972ರಂಥ ಪ್ರತ್ಯೇಕ ಕಾನೂನು ಇದೆ. ಬಡಾವಣೆಯ ಸಂಘ ಕಾಯುವುದು ಸಾರ್ವಜನಿಕ ಆಸ್ತಿಯನ್ನು. ಅದರ ಮೇಲೆ ಸಂಘಕ್ಕೆ ಒಡೆತನವಿಲ್ಲ.

ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಬೇರೆ ಉದ್ದೇಶಕ್ಕೆ ಕೊಡುವ ಮಾತು ಕೇಳಿಬರುತ್ತಿದೆ. ನಾವು ಏನು ಮಾಡಬಹುದು?

ಬಹಳಷ್ಟು ಮಾಡಬಹುದು, ಮತ್ತು ಆ ಬಲ ನಮಗೆ ಬಂದದ್ದು ಇದೇ ಊರಿನ ನಿವಾಸಿಗಳ ಹೋರಾಟದಿಂದ. ಸದಾಶಿವನಗರದ ಕಡೆ, ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಒಂದು ವೈದ್ಯಕೀಯ ಟ್ರಸ್ಟಿಗೆ ಹಂಚಿಕೆ ಮಾಡಲಾಯಿತು. ಅಲ್ಲಿನ ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಅವರಿಗೆ ಸೋಲಾಯಿತು, ವಿಭಾಗೀಯ ಪೀಠದಲ್ಲಿ ಗೆಲುವು ಸಿಕ್ಕಿತು. ಟ್ರಸ್ಟ್ ಸಲ್ಲಿಸಿದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ 1991ರ ಜುಲೈನಲ್ಲಿ ವಜಾ ಮಾಡಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಪ್ರಕರಣವೆಂದು ಪ್ರಸಿದ್ಧವಾದ ಈ ತೀರ್ಪಿನಲ್ಲಿ ನ್ಯಾಯಾಲಯ ಎರಡು ವಿಷಯಗಳನ್ನು ನಿಚ್ಚಳಗೊಳಿಸಿತು. ಮಂಜೂರಾದ ಯೋಜನೆಯಲ್ಲಿ ಉದ್ಯಾನವೆಂದು ತೋರಿಸಿದ ಜಾಗವನ್ನು ಮೇಲಿನವರ ಒಂದು ಆದೇಶದಿಂದ ಖಾಸಗಿಯವರಿಗೆ ಕೊಡುವಂತಿಲ್ಲ ಎಂಬುದು ಒಂದು. ಅಂಥ ನಿರ್ಧಾರವನ್ನು ಪ್ರಶ್ನಿಸಲು ಆ ಪ್ರದೇಶದಲ್ಲಿ ವಾಸಿಸುವ ಜನರಿಗೆ ಹಕ್ಕಿದೆ ಎಂಬುದು ಇನ್ನೊಂದು. ಬಡವರಿಗೆ ಸಿಗದೆ ಹಣ ಕೊಡಬಲ್ಲವರಿಗೆ ಮಾತ್ರ ಒದಗುವ ನರ್ಸಿಂಗ್ ಹೋಮ್ ಎಲ್ಲರಿಗೂ ತೆರೆದ ಉದ್ಯಾನಕ್ಕೆ ಬದಲಿಯಾಗಲಾರದು ಎಂಬ ತಿಳಿವಳಿಕೆ ಆ ತೀರ್ಪಿನ ಹಿಂದೆ ಇದೆ, ಮತ್ತು ಇಂದಿಗೂ ಯಾವ ಬಡಾವಣೆಯ ಹೋರಾಟಕ್ಕೂ ಅದು ಆಧಾರ.

ಇದರ ಜೊತೆಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯ 38-ಎ ಪ್ರಕರಣವು ಉದ್ಯಾನ, ಆಟದ ಮೈದಾನ ಹಾಗೂ ನಾಗರಿಕ ಸೌಲಭ್ಯಕ್ಕೆ ಕಾದಿಟ್ಟ ಜಾಗವನ್ನು ಬೇರೆ ಉದ್ದೇಶಕ್ಕೆ ಪರಭಾರೆ ಮಾಡುವುದನ್ನು ನಿಷೇಧಿಸುತ್ತದೆ. 1985ರ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಸಂರಕ್ಷಣಾ ಕಾಯ್ದೆಯೂ ಇದೆ. ಆದರೆ ಕಾಯ್ದೆಯನ್ನು ಹಿಡಿದು ಮಾತಾಡಬೇಕಾದರೆ ಕೈಯಲ್ಲಿ ಮಂಜೂರಾದ ಬಡಾವಣೆ ನಕ್ಷೆ ಇರಬೇಕು. ಸಂಘ ಶುರುವಾದ ಮೊದಲ ತಿಂಗಳಲ್ಲೇ ಈ ನಕ್ಷೆಯ ದೃಢೀಕೃತ ಪ್ರತಿಯನ್ನು ಪಡೆದು, ಅದರಲ್ಲಿ ತೋರಿಸಿದ ಪ್ರತಿಯೊಂದು ಉದ್ಯಾನ ಮತ್ತು ಸಿಎ ನಿವೇಶನದ ಬಳಿ ಹೋಗಿ ಟೇಪ್ ಹಿಡಿದು ಅಳೆದು, ದಿನಾಂಕವಿರುವ ಛಾಯಾಚಿತ್ರ ತೆಗೆದು ಇಡಿ. ಒತ್ತುವರಿಯ ಪ್ರಕರಣಗಳಲ್ಲಿ ಹೊರಗಿನವರ ಭಾಷಣಕ್ಕಿಂತ ಈ ಒಂದು ಕಡತ ಹೆಚ್ಚು ಕೆಲಸ ಮಾಡುತ್ತದೆ.

ನಮ್ಮ ಬೀದಿಯ ಮರ ಕಡಿಯಲು ಬಂದಿದ್ದಾರೆ. ತಡೆಯುವುದು ಹೇಗೆ?

ಮೊದಲು ಅನುಮತಿ ಪತ್ರ ತೋರಿಸಲು ಕೇಳಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ವೃಕ್ಷಾಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಮರ ಕಡಿಯುವಂತಿಲ್ಲ. ಕೆಲವು ಜಾತಿಗಳಿಗೆ ವಿನಾಯಿತಿ ಇದ್ದರೂ, ಸ್ವಂತ ಕಾಂಪೌಂಡಿನೊಳಗಿನ ಮರಕ್ಕೂ ಸಾಮಾನ್ಯವಾಗಿ ಈ ನಿಯಮ ಅನ್ವಯಿಸುತ್ತದೆ. ಅನುಮತಿ ಪತ್ರದಲ್ಲಿ ಯಾವ ಮರ, ಯಾವ ಕಾರಣಕ್ಕೆ, ಕಡಿಯುವುದಕ್ಕೋ ಕೊಂಬೆ ಸವರುವುದಕ್ಕೋ ಎಂಬುದನ್ನು ಓದಿ ನೋಡಿ. ಕೊಂಬೆ ಸವರಲು ಸಿಕ್ಕಿದ ಅನುಮತಿಯ ಹೆಸರಿನಲ್ಲಿ ಬುಡವನ್ನೇ ಉರುಳಿಸುವುದು ನಡೆಯುತ್ತಲೇ ಇರುತ್ತದೆ. ಪತ್ರವಿಲ್ಲದಿದ್ದರೆ ಪಾಲಿಕೆಯ ಸಹಾಯವಾಣಿ 1533ಕ್ಕೂ ಪೊಲೀಸರ 112ಕ್ಕೂ ಕರೆ ಮಾಡಿ, ಕೂಡಲೇ ಫೋಟೋ ತೆಗೆಯಿರಿ. ಕೊಡಲಿ ಹಿಡಿದವರು ದಿನಗೂಲಿಯವರು. ಅವರ ಮೇಲೆ ರೇಗಬೇಡಿ, ಕೆಲಸ ಒಪ್ಪಿಸಿದವರ ಹೆಸರು ಕೇಳಿ.

ದೊಡ್ಡ ಯೋಜನೆಗಳಲ್ಲಿ 50ಕ್ಕಿಂತ ಹೆಚ್ಚು ಮರಗಳನ್ನು ತೆಗೆಯುವ ಪ್ರಸ್ತಾವವಿದ್ದರೆ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕರೆಯಬೇಕೆಂದು ಇದೇ ಕಾಯ್ದೆ ಹೇಳುತ್ತದೆ. ಆಕ್ಷೇಪಣೆಗೆ ಸಿಗುವ ಕಾಲ 10 ದಿನ ಮಾತ್ರವಾದ್ದರಿಂದ ಪ್ರಕಟಣೆಗಳನ್ನು ಗಮನಿಸುವ ಕೆಲಸವನ್ನು ಯಾರಾದರೂ ಒಬ್ಬ ಸದಸ್ಯರಿಗೆ ವಹಿಸಿಬಿಡಿ. ಆಕ್ಷೇಪಣೆಯಲ್ಲಿ “ಮರ ಕಡಿಯಬೇಡಿ” ಎಂದಷ್ಟೇ ಬರೆದರೆ ಸಾಲದು; ಮರದ ಜಾತಿ, ಕಾಂಡದ ಸುತ್ತಳತೆ, ನಿಂತಿರುವ ಜಾಗ, ಅದನ್ನು ಉಳಿಸಿಕೊಂಡೇ ಕೆಲಸ ಮಾಡಬಹುದಾದ ಪರ್ಯಾಯ ಇವನ್ನು ಬರೆದರೆ ಅಧಿಕಾರಿ ಉತ್ತರಿಸಲೇಬೇಕಾಗುತ್ತದೆ.

ಮರ ಸಾಯುವುದು ಕೊಡಲಿಯಿಂದ ಮಾತ್ರವಲ್ಲ. ಪಾದಚಾರಿ ಮಾರ್ಗಕ್ಕೆ ಕಲ್ಲು ಹಾಸುವಾಗ ಕಾಂಡದ ಸುತ್ತ ಸಿಮೆಂಟು ಬಿಗಿದು, ಕೇಬಲ್ಲಿಗೆಂದು ಅಗೆಯುವಾಗ ಒಂದು ಮಗ್ಗುಲಿನ ಬೇರನ್ನೆಲ್ಲ ಕತ್ತರಿಸಿದ ಮರ ಕೆಲವು ಮಳೆಗಾಲ ಕಳೆಯುವುದರೊಳಗೆ ಗಾಳಿಗೆ ಬೀಳುತ್ತದೆ, ಆಮೇಲೆ ಮರವೇ ಅಪಾಯಕಾರಿ ಎಂಬ ಹೆಸರು ಬರುತ್ತದೆ. ಕಾಮಗಾರಿ ನಡೆಯುವಾಗಲೇ ಬುಡದ ಸುತ್ತ ಮಣ್ಣಿನ ಜಾಗ ಬಿಡಿಸಿಕೊಳ್ಳಿ. ಹೊಸದಾಗಿ ನೆಡುವುದಾದರೆ ಹೊಂಗೆ, ಬೇವು, ಹೊಳೆದಾಸವಾಳ, ಮಹಾಗನಿಯಂಥವನ್ನು ರಸ್ತೆಯ ಅಗಲ ನೋಡಿ ಆರಿಸಿ. ವಿದ್ಯುತ್ ತಂತಿಯ ನೇರ ಕೆಳಗೆ ಎತ್ತರಕ್ಕೆ ಬೆಳೆಯುವ ಗಿಡ ನೆಟ್ಟರೆ ಪ್ರತಿವರ್ಷ ಅದರ ತಲೆ ಹೋಗುತ್ತದೆ.

ಕಸದ ವಿಷಯದಲ್ಲಿ ಸಂಘಕ್ಕೆ ಯಾಕೆ ಇಷ್ಟು ತಲೆಬಿಸಿ? ಅದು ಪಾಲಿಕೆಯ ಕೆಲಸವಲ್ಲವೇ?

ಸಾಗಿಸುವುದು ಪಾಲಿಕೆಯ ಕೆಲಸ, ಬೇರ್ಪಡಿಸುವುದು ನಮ್ಮದು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮೂಲದಲ್ಲೇ ಕಸ ಬೇರ್ಪಡುವಂತೆ ನೋಡಿಕೊಳ್ಳುವ ಹೊಣೆಯಲ್ಲಿ ನಿವಾಸಿಗಳ ಸಂಘಗಳನ್ನೂ ಪಾಲುದಾರರನ್ನಾಗಿ ಮಾಡಿದವು. ಆದರೆ ನಿಯಮಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಈ ನಗರದ ಕಸ ವರ್ಷಗಟ್ಟಲೆ ಮಾವಳ್ಳಿಪುರ ಮತ್ತು ಮಂಡೂರಿನ ಜನರ ಬಾವಿ, ಗಾಳಿ, ಹೊಲಗಳನ್ನು ಹಾಳುಮಾಡಿತು. 2012ರಲ್ಲಿ ಮಾವಳ್ಳಿಪುರದಲ್ಲಿ ಕಸ ಸುರಿಯುವುದು ನಿಂತಾಗ ಬೆಂಗಳೂರಿನ ಬೀದಿಗಳಲ್ಲಿ ಕಸದ ರಾಶಿ ಬಿದ್ದಿತ್ತು; ಮಂಡೂರಿನವರು ಬೀದಿಗಿಳಿದು ಹೋರಾಡಿದ ಮೇಲೆ 2014ರ ಕೊನೆಗೆ ಅಲ್ಲಿಯೂ ಸುರಿಯುವುದು ನಿಂತಿತು. ತಮ್ಮ ಊರನ್ನು ಕಾಪಾಡಿಕೊಳ್ಳಲು ಎದ್ದ ಆ ಹಳ್ಳಿಗರು ಮಾಡಿದ್ದೂ ನಾವು ಮಾಡುತ್ತಿರುವ ಕೆಲಸವನ್ನೇ, ನಮಗಿಂತ ಬಹಳ ಹೆಚ್ಚಿನ ಕಷ್ಟದಲ್ಲಿ. ನಮ್ಮ ಬೀದಿಯನ್ನು ಚೊಕ್ಕವಾಗಿಟ್ಟುಕೊಂಡು ಬೆರಕೆ ಕಸವನ್ನು ಇನ್ನೊಬ್ಬರ ಊರಿಗೆ ಕಳಿಸುವುದನ್ನು ಬಡಾವಣೆಯ ಸುಧಾರಣೆ ಎಂದು ಕರೆಯಲು ನಮಗೆ ಮನಸ್ಸಿಲ್ಲ.

ಆದ್ದರಿಂದ ಹಸಿ ಕಸ, ಒಣ ಕಸ ಮತ್ತು ಡೈಪರ್, ಪ್ಯಾಡಿನಂಥ ನೈರ್ಮಲ್ಯ ತ್ಯಾಜ್ಯವನ್ನು ಮನೆಯಲ್ಲೇ ಬೇರೆ ಮಾಡಿ. ಪ್ಯಾಡನ್ನು ಕಾಗದದಲ್ಲಿ ಸುತ್ತಿ ಗುರುತು ಹಾಕಿ ಕೊಡಿ, ಒಡೆದ ಗಾಜನ್ನು ಪ್ರತ್ಯೇಕವಾಗಿ ಕಟ್ಟಿ ಕೊಡಿ, ಏಕೆಂದರೆ ಅದನ್ನು ಬರಿಗೈಯಲ್ಲಿ ಮುಟ್ಟುವವರು ನಮ್ಮಂತೆಯೇ ಮನುಷ್ಯರು. ಉದ್ಯಾನದ ಎಲೆ ಕಸವನ್ನು ಸುಡದೆ ಅಲ್ಲೇ ಗೊಬ್ಬರ ಮಾಡಿ. ಪೌರಕಾರ್ಮಿಕರಿಗೆ ಬೂಟು, ಕೈಗವಸು, ಸಂಬಳ ಸರಿಯಾಗಿ ಸಿಗುತ್ತಿದೆಯೇ ಎಂದು ವಿಚಾರಿಸುವುದು, ಅವರಿಗೆ ಕುಡಿಯುವ ನೀರು ಮತ್ತು ಶೌಚಾಲಯದ ವ್ಯವಸ್ಥೆ ಮಾಡುವುದು ನಮ್ಮ ಪಾಲಿಗೆ ಸಂಘದ ಕಾರ್ಯಸೂಚಿಯ ಭಾಗವೇ.

ಮಳೆ ಬಂದರೆ ರಸ್ತೆಯಲ್ಲಿ ನೀರು ನಿಲ್ಲುತ್ತದೆ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಬೇಕು. ಇದಕ್ಕೆ ಬಡಾವಣೆಯ ಮಟ್ಟದಲ್ಲಿ ಪರಿಹಾರವಿದೆಯೇ?

ಪೂರ್ತಿ ಪರಿಹಾರ ಇಲ್ಲ, ಆದರೆ ಒಂದು ಭಾಗ ನಮ್ಮ ಕೈಯಲ್ಲಿದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 900 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. 1,000 ಚದರ ಅಡಿಯ ಒಂದು ತಾರಸಿಯ ಮೇಲೆ ಬೀಳುವ ಆ ನೀರು 80,000 ಲೀಟರಿಗೂ ಮೇಲೆ ಆಗುತ್ತದೆ. ಅದು ನೇರ ಚರಂಡಿಗೆ ಹೋದರೆ ತಗ್ಗಿನ ಮನೆಯವರ ಬಾಗಿಲಿಗೆ ಪ್ರವಾಹ. ನೆಲದಡಿಯ ಸಂಪ್‌ಗೆ ಅಥವಾ ಇಂಗುಬಾವಿಗೆ ಇಳಿದರೆ ಎಲ್ಲರ ಬೋರ್‌ವೆಲ್ಲಿಗೂ ಆಸರೆ. ನಿಗದಿತ ಅಳತೆಗೆ ಮೇಲ್ಪಟ್ಟ ನಿವೇಶನಗಳಿಗೆ ಮಳೆನೀರು ಕೊಯ್ಲನ್ನು ಜಲಮಂಡಳಿಯ ಕಾಯ್ದೆ 2009ರ ತಿದ್ದುಪಡಿಯ ನಂತರ ಕಡ್ಡಾಯ ಮಾಡಿದೆ. ಬಾವಿ ತೋಡುವುದಕ್ಕೆ ತಲೆಮಾರುಗಳ ಅನುಭವವಿರುವ ಮಣ್ಣು ವಡ್ಡರ ಕುಟುಂಬಗಳು ಇಂದಿಗೂ ಈ ನಗರದ ಸುತ್ತ ಇದ್ದಾರೆ. ಇಂಗುಬಾವಿಯ ಕೆಲಸವನ್ನು ಅವರಿಗೇ ಒಪ್ಪಿಸಿ ಎಂಬುದು ನಮ್ಮ ಸಲಹೆ.

ರಾಜಕಾಲುವೆಯ ಪಕ್ಕದ ಒತ್ತುವರಿ ಬಡಾವಣೆಯ ಮಟ್ಟವನ್ನು ಮೀರಿದ ವಿಷಯ. 2022ರ ಸೆಪ್ಟೆಂಬರಿನಲ್ಲಿ ಮಹದೇವಪುರ, ಬೆಳ್ಳಂದೂರಿನ ಕಡೆಯ ಬಡಾವಣೆಗಳು ಮುಳುಗಿದಾಗ ಎಲ್ಲರಿಗೂ ಅದು ಕಣ್ಣಿಗೆ ಕಂಡಿತು. ಇಲ್ಲಿ ಕಾಲುವೆಯ ಮೇಲಿನವರೂ ಕೆಳಗಿನವರೂ ಒಂದೇ ಅರ್ಜಿಗೆ ಸಹಿ ಹಾಕಬೇಕು. ಗ್ರಾಮ ನಕ್ಷೆಯಲ್ಲಿ ಕಾಲುವೆ ಎಲ್ಲಿ ಹರಿಯುತ್ತಿತ್ತು ಎಂಬುದನ್ನು ಭೂಮಾಪನ ಇಲಾಖೆಯಿಂದ ಪಡೆದು ಅರ್ಜಿಗೆ ಲಗತ್ತಿಸಿ.

ನಮ್ಮ ರಸ್ತೆಗೆ ಟಾರು ಹಾಕಿದ ಮೇಲೆ ಮತ್ತೆ ಅಗೆಯುತ್ತಾರೆ. ಯಾರನ್ನು ಕೇಳಬೇಕು?

ಕಾಮಗಾರಿ ನಡೆಯುವ ಜಾಗದಲ್ಲಿ ಅದರ ವಿವರ, ಗುತ್ತಿಗೆದಾರರ ಹೆಸರು, ಮೊತ್ತವಿರುವ ಫಲಕ ಕಾಣದಿದ್ದರೆ ವಾರ್ಡಿನ ಸಹಾಯಕ ಎಂಜಿನಿಯರ್ ಅವರನ್ನು ಲಿಖಿತವಾಗಿ ಕೇಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆ, 2005ರಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು 150 ಪದಗಳನ್ನು ಮೀರಬಾರದು ಎಂಬ ನಿಯಮವಿರುವುದರಿಂದ ಪೀಠಿಕೆ ಹಾಕದೆ ನೇರವಾಗಿ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ದೋಷ ಹೊಣೆಗಾರಿಕೆಯ ಅವಧಿ ಇವುಗಳ ಪ್ರತಿ ಕೇಳಿ. ಹೊಣೆಗಾರಿಕೆಯ ಅವಧಿಯೊಳಗೆ ಗುಂಡಿ ಬಿದ್ದರೆ ಗುತ್ತಿಗೆದಾರರು ತಮ್ಮ ಖರ್ಚಿನಲ್ಲೇ ಮುಚ್ಚಿಕೊಡಬೇಕು. ಆ ದಿನಾಂಕ ನಮಗೆ ಗೊತ್ತಿಲ್ಲದಿದ್ದಾಗ ಅದೇ ಗುಂಡಿಗೆ ಹೊಸ ಬಿಲ್ಲು ತಯಾರಾಗುವ ಸಾಧ್ಯತೆ ಇರುತ್ತದೆ.

ಟಾರು ಹಾಕುವ ಮುನ್ನವೇ ಜಲಮಂಡಳಿ, ಬೆಸ್ಕಾಂ ಹಾಗೂ ಕೇಬಲ್ ಸಂಸ್ಥೆಗಳ ಕೆಲಸ ಬಾಕಿ ಇದೆಯೇ ಎಂದು ಸಂಘವೇ ಪತ್ರ ಬರೆದು ಕೇಳುವುದು ಒಳ್ಳೆಯ ರೂಢಿ. ಹಳೆಯ ಟಾರನ್ನು ಕೆರೆದು ತೆಗೆಯದೆ ಪದರದ ಮೇಲೆ ಪದರ ಹಾಕುತ್ತ ಹೋದರೆ ರಸ್ತೆ ಮನೆಯ ಹೊಸ್ತಿಲಿಗಿಂತ ಎತ್ತರವಾಗಿ ಮಳೆನೀರು ಒಳಗೆ ನುಗ್ಗುತ್ತದೆ, ಇದನ್ನೂ ಕಾಮಗಾರಿ ಆರಂಭಿಸುವ ದಿನವೇ ಹೇಳಬೇಕು.

ಸುರಕ್ಷತೆಗಾಗಿ ಬೀದಿಗೆ ಗೇಟು ಹಾಕಿ ಹೊರಗಿನವರನ್ನು ತಡೆಯಬಹುದೇ?

ಸಾರ್ವಜನಿಕ ರಸ್ತೆಗೆ ಗೇಟು ಹಾಕಿ ಜನರನ್ನು ತಡೆಯುವ ಅಧಿಕಾರ ಸಂಘಕ್ಕಿಲ್ಲ. ಉದ್ಯಾನಕ್ಕೂ ಇದೇ ಮಾತು ಸಲ್ಲುತ್ತದೆ. ಮನೆಗೆಲಸಕ್ಕೆ ಬರುವವರು ಉದ್ಯಾನದ ಬೆಂಚಿನ ಮೇಲೆ ಕೂರಬಾರದು, ಪಕ್ಕದ ಕೊಳೆಗೇರಿಯ ಮಕ್ಕಳು ಆಡಬಾರದು ಎಂಬ ಬೇಡಿಕೆ ಬಂದರೆ ನಮ್ಮ ಸಂಘ ಅದನ್ನು ಸಭೆಯ ಚರ್ಚೆಗೂ ತೆಗೆದುಕೊಳ್ಳುವುದಿಲ್ಲ.

ಬೀದಿ ವ್ಯಾಪಾರಿಗಳನ್ನು ತೆರವು ಮಾಡಿಸಲು ಸಂಘ ದೂರು ಕೊಡುತ್ತದೆಯೇ?

ಬೀದಿ ವ್ಯಾಪಾರಿಗಳ ಕಾಯ್ದೆ, 2014 ಅವರ ಜೀವನೋಪಾಯಕ್ಕೆ ರಕ್ಷಣೆ ಕೊಟ್ಟಿದೆ. ಸಮೀಕ್ಷೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡುವವರೆಗೆ ತೆರವು ಮಾಡುವಂತಿಲ್ಲ. ಎಲ್ಲಿ ವ್ಯಾಪಾರ ನಡೆಯಬಹುದು ಎಂಬ ವಿಷಯದಲ್ಲಿ ಅಭಿಪ್ರಾಯ ಕೊಡುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳಾಗಿರಬೇಕು, ನಿವಾಸಿಗಳ ಸಂಘಗಳಿಗೂ ಅಲ್ಲಿ ಸ್ಥಾನವಿದೆ. ಸೊಪ್ಪಿನವರು, ಹೂವಿನವರು, ಇಸ್ತ್ರಿ ಗಾಡಿಯವರು ಬಡಾವಣೆಯ ಬದುಕಿನ ಭಾಗ, ಮತ್ತು ರಾತ್ರಿ ಬೀದಿಯಲ್ಲಿ ಜನರಿರುವುದರಿಂದ ಸುರಕ್ಷತೆಯೂ ಹೆಚ್ಚುತ್ತದೆ. ನಡೆಯಲು ದಾರಿ ಉಳಿಯುವಂತೆ ಗಾಡಿ ನಿಲ್ಲಿಸಲು ಅವರೊಂದಿಗೇ ಮಾತಾಡಿದರೆ ಬಹುತೇಕ ಸಂದರ್ಭಗಳಲ್ಲಿ ದಾರಿ ಸಿಗುತ್ತದೆ. ಪಾದಚಾರಿ ಮಾರ್ಗದ ಮೇಲೆ ನಿಲ್ಲಿಸಿದ ನಮ್ಮದೇ ಕಾರುಗಳು ನುಂಗುವ ಜಾಗ ಇದಕ್ಕಿಂತ ದೊಡ್ಡದು.

ರಾತ್ರಿಯಿಡೀ ಧ್ವನಿವರ್ಧಕ ಹಾಕುತ್ತಾರೆ. ನಿಯಮ ಏನಿದೆ?

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬಹರಿದಿನಗಳಿಗೆ ಸರ್ಕಾರ ಕೆಲವೇ ದಿನ ವಿನಾಯಿತಿ ಕೊಡಬಹುದು. ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ಈ ನಿಯಮ ಎಲ್ಲ ಧರ್ಮದ, ಎಲ್ಲ ಪಕ್ಷದ ಕಾರ್ಯಕ್ರಮಗಳಿಗೂ ಒಂದೇ, ಸಂಘದ ಗಣೇಶೋತ್ಸವ ಮತ್ತು ರಾಜ್ಯೋತ್ಸವಕ್ಕೂ ಕೂಡ.

ಬೀದಿನಾಯಿಗಳ ಬಗ್ಗೆ ಸಂಘದ ನಿಲುವೇನು?

2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಆಹಾರ ಹಾಕುವ ಜಾಗವನ್ನು ಗುರುತಿಸುವ ಹೊಣೆಯನ್ನು ನಿವಾಸಿಗಳ ಸಂಘಗಳಿಗೂ ಕೊಟ್ಟಿವೆ. ಮಕ್ಕಳು ಆಡುವ ಜಾಗದಿಂದ ದೂರದಲ್ಲಿ ಸ್ಥಳ ಗುರುತಿಸಿ, ಸಂತಾನಹರಣ ಮತ್ತು ರೇಬೀಸ್ ಲಸಿಕೆ ಆಗದ ನಾಯಿಗಳ ಪಟ್ಟಿಯನ್ನು ಪಾಲಿಕೆಯ ಪಶುಪಾಲನಾ ವಿಭಾಗಕ್ಕೆ ಕೊಡಿ.

ಪಾಲಿಕೆ ಸದಸ್ಯರಿಲ್ಲದ ಕಾಲದಲ್ಲಿ ಸಂಘ ಯಾರ ಬಳಿ ಹೋಗಬೇಕು?

ಇದು ನಮಗೆ ಬಹಳ ನೋವಿನ ವಿಷಯ. ಆಗ ಇಡೀ ನಗರಕ್ಕಿದ್ದ ಪಾಲಿಕೆಯಾದ ಬಿಬಿಎಂಪಿಯ ಚುನಾಯಿತ ಮಂಡಳಿಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅದರ ನಂತರದ ವರ್ಷಗಳಲ್ಲಿ ಚುನಾವಣೆ ಮುಂದಕ್ಕೆ ಹೋಗುತ್ತಲೇ ಬಂದಿತು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರಲ್ಲಿ ಜಾರಿಗೆ ಬಂದು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಗರಕ್ಕೆ ಐದು ಪಾಲಿಕೆಗಳಾದವು. ನಿಮ್ಮ ಬಡಾವಣೆ ಯಾವ ಪಾಲಿಕೆಗೆ, ಯಾವ ವಾರ್ಡಿಗೆ ಸೇರಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಹಳೆಯ ವಾರ್ಡ್ ಸಂಖ್ಯೆ ಬರೆದ ಅರ್ಜಿಗಳು ಮೇಜಿನಿಂದ ಮೇಜಿಗೆ ಅಲೆಯುತ್ತವೆ.

ಸಂವಿಧಾನದ 74ನೇ ತಿದ್ದುಪಡಿಯು 3 ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿದೆ. 2011ರಲ್ಲಿ ಕರ್ನಾಟಕ ಪೌರ ನಿಗಮಗಳ ಕಾಯ್ದೆಗೆ ತಂದ ತಿದ್ದುಪಡಿಯಲ್ಲಿ ಸಮಿತಿಯ ಹತ್ತು ನಾಮನಿರ್ದೇಶಿತ ಸದಸ್ಯರಲ್ಲಿ ಕನಿಷ್ಠ ಇಬ್ಬರು ನಿವಾಸಿಗಳ ಸಂಘಗಳ ಪ್ರತಿನಿಧಿಗಳಾಗಿರಬೇಕು, ಮೂವರು ಮಹಿಳೆಯರಾಗಿರಬೇಕು ಎಂದಿತ್ತು. ಸಮಿತಿಯ ಸಭೆ ಎಲ್ಲಿ ನಡೆದರೂ ಹೋಗಿ ಕುಳಿತುಕೊಳ್ಳಿ, ನಡಾವಳಿಯ ಪ್ರತಿ ಕೇಳಿ ಪಡೆಯಿರಿ. ಸಭೆಯಲ್ಲಿ ಆಡಿದ ಮಾತು ನಡಾವಳಿಯಲ್ಲಿ ದಾಖಲಾಗದಿದ್ದರೆ ಮುಂದಿನ ತಿಂಗಳು ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ. ಶಾಸಕರ ಬಳಿ ಹೋಗುವುದರಲ್ಲಿ ತಪ್ಪಿಲ್ಲ, ಆದರೆ ಅವರ ಪಕ್ಷ ಯಾವುದೇ ಆಗಿರಲಿ, ಸಂಘದ ವೇದಿಕೆಯನ್ನು ಪ್ರಚಾರಕ್ಕೆ ಬಿಟ್ಟುಕೊಡಬೇಡಿ.

ಸರ್ಕಾರದ ದೊಡ್ಡ ಯೋಜನೆಯನ್ನು ಬಡಾವಣೆಯವರು ನಿಲ್ಲಿಸಲು ಸಾಧ್ಯವೇ?

ಒಂದು ಬಡಾವಣೆಯಿಂದ ಕಷ್ಟ, ಹಲವು ಸೇರಿದರೆ ಸಾಧ್ಯ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಗಾಗಿ 800ಕ್ಕೂ ಹೆಚ್ಚು ಮರಗಳನ್ನು ಕಡಿಯಲು ಹೊರಟಾಗ, 2016ರ ಅಕ್ಟೋಬರಿನಲ್ಲಿ ಸಾವಿರಾರು ಜನ ಆ ದಾರಿಯುದ್ದಕ್ಕೂ ಮಾನವ ಸರಪಳಿಯಾಗಿ ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಬೀದಿಯಲ್ಲಿ ನಿಂತವರ ಜೊತೆಗೆ ಯೋಜನೆಯ ವರದಿಗಳನ್ನು ಓದಿದವರು, ನ್ಯಾಯಾಲಯಕ್ಕೆ ಹೋದವರು, ಬಸ್ಸು ಮತ್ತು ಉಪನಗರ ರೈಲಿನ ಪರ್ಯಾಯವನ್ನು ಮುಂದಿಟ್ಟವರು ಇದ್ದರು ಎಂಬುದನ್ನು ನೆನಪಿಡಬೇಕು. ನಮ್ಮ ಬೀದಿಗೆ ತೊಂದರೆ ಎಂಬ ಒಂದೇ ಕಾರಣಕ್ಕೆ ಬಸ್ ನಿಲ್ದಾಣವನ್ನೋ ಒಣ ಕಸ ಸಂಗ್ರಹಣಾ ಕೇಂದ್ರವನ್ನೋ ವಿರೋಧಿಸುವುದಕ್ಕೆ ಈ ಉದಾಹರಣೆ ಹೊಂದುವುದಿಲ್ಲ.

ಚಂದಾ ಹಣದ ಲೆಕ್ಕವನ್ನು ಯಾರು ಬೇಕಾದರೂ ನೋಡಬಹುದೇ?

ಸದಸ್ಯರು ಯಾವಾಗ ಕೇಳಿದರೂ ತೋರಿಸಲಾಗುತ್ತದೆ. ಪ್ರತಿ ತಿಂಗಳ ಆಯವ್ಯಯವನ್ನು ಉದ್ಯಾನದ ಸೂಚನಾ ಫಲಕದಲ್ಲಿ ಹಾಕುತ್ತೇವೆ, ಖಾತೆಯಿಂದ ಹಣ ತೆಗೆಯಲು ಇಬ್ಬರು ಪದಾಧಿಕಾರಿಗಳ ಸಹಿ ಬೇಕು. ಚಂದಾ ಕೊಡಲಾಗದವರನ್ನು ಸಭೆಯಿಂದ ಹೊರಗಿಡುವುದಿಲ್ಲ. ಪದಾಧಿಕಾರಿಗಳು ಬದಲಾದಾಗ ಬ್ಯಾಂಕ್ ಪಾಸ್‌ಪುಸ್ತಕ, ರಸೀದಿ ಪುಸ್ತಕ, ಬಡಾವಣೆ ನಕ್ಷೆ ಮತ್ತು ಇಲ್ಲಿಯವರೆಗಿನ ಎಲ್ಲ ಅರ್ಜಿಗಳ ಕಡತವನ್ನು ಹೊಸಬರಿಗೆ ಪಟ್ಟಿ ಮಾಡಿ, ಸಹಿ ಪಡೆದು ಒಪ್ಪಿಸಲಾಗುತ್ತದೆ.